ಬರ್ಮಿಂಗ್‌ಹ್ಯಾಮಿಗೆ ಹೊಂಟ ನಮ್ಮ ಕಡೆ ಮಂದಿಗೆ: ಮೊದ್ಲು ಮಗ್ಗಲ ಮನಿ ಬಾಗ್ಲಾ ಬಡೀರಿ

ರಜಾಕ್ಕಂತ ಕೊಪ್ಪಳಕ್ಕ ಬಂದು ಮೂರು ವಾರ ಆತು, ಅಷ್ಟ್ರಾಗ ನಾಕು ಮನಿಯವ್ರು ಬಂದು "ನಮ್ಮ ಹುಡುಗ ಸೆಪ್ಟೆಂಬರ್‌ಗೆ ಇಂಗ್ಲೆಂಡಿಗೆ ಹೊಂಟಾನ, ಸ್ವಲ್ಪ ತಿಳಿಸಿ ಹೇಳ್ರಿ" ಅಂದ್ರು. ಒಬ್ರು ಗಂಗಾವತಿ, ಒಬ್ರು ಸಿಂಧನೂರು, ಇಬ್ರು ನಮ್ಮ ಓಣಿಯವ್ರೇ. ಎಲ್ರೂ ಕೇಳೋದು ಅದೇ, ಕುಕ್ಕರ್ ಒಯ್ಯಬೇಕಾ, ಜೋಳದ ಹಿಟ್ಟು ಸಿಗ್ತೈತಾ, ಥಂಡಿ ಎಷ್ಟಿರ್ತೈತಿ. ಸಿಗ್ತೈತ್ರಿ, ಎಲ್ಲಾ ಸಿಗ್ತೈತಿ. ಆದ್ರ ಒಂದು ಮಾತು ಯಾರೂ ಕೇಳಲಿಲ್ಲ, 2011ರಾಗ ಹೋಗೋವಾಗ ನಾನೂ ಕೇಳಿದ್ದಿಲ್ಲ. ಅಲ್ಲಿ ರಾತ್ರಿ ಏನರ ಆದ್ರ ಯಾರ ಮನಿ ಬಾಗ್ಲಾ ಬಡೀಬೇಕು?

ಇ-ವೀಸಾ, ಕೆಲ್ಸಕ್ಕ ಬೇಕಾಗೋ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕ್ ಅಕೌಂಟ್, ಜಿಪಿ ಅಂದ್ರ ಓಣಿ ಡಾಕ್ಟರ್ ಹತ್ರ ಹೆಸರು ಬರೆಸೋದು, ಇವನ್ನ ಮೊದಲ ಹದಿನೈದು ದಿನದಾಗ ಸುರು ಮಾಡ್ರಿ, ಅದನ್ನ ಕಾಲೇಜಿನವ್ರೇ ಹೇಳ್ತಾರ.

ಊರಾಗ ಈ ಪ್ರಶ್ನಿನ ನಮಗ ಬರಂಗಿಲ್ಲ. ಕಟ್ಟಿ ಮ್ಯಾಲೆ ಕುಂತ ಅಜ್ಜಗ ಓಣಿಯಾಗ ಹೋಗೋ ಬೈಕ್ ಯಾರದು ಅಂತ ಸಪ್ಪಳದ ಮ್ಯಾಲೆ ಗೊತ್ತಾಗ್ತೈತಿ. ಕೀಲಿ ಎದುರು ಮನಿಯಾಗ ಕೊಟ್ಟು ಹೊಸಪೇಟಿಗೆ ಹೋಗಿಬರ್ತೀವಿ. ನಳ ಬರ್ಲಿಲ್ಲಂದ್ರ ಖಾಲಿ ಕೊಡ ಹಿಡ್ಕೊಂಡು ನಗರಸಭೆ ಮೆಂಬರ್ ಮನಿ ಮುಂದ ನಿಲ್ತೀವಿ. ಇನ್ನ ದೊಡ್ಡ ಮಾತಿಗೆ ಗವಿಮಠದ ಅಜ್ಜಾರು, ಅಂದ್ರ ಮಠದ ಸ್ವಾಮಿಗೋಳು, ಅದಾರ. ಹಿರೇಹಳ್ಳ ಹೂಳು ತುಂಬಿ ಸತ್ತಂಗ ಆಗಿದ್ದಾಗ 2019ರಾಗ ಅಜ್ಜಾರು ಮುಂದಾಗಿ ಹಳ್ಳಕ್ಕ ಇಳಿದ್ರು, ಅವ್ರ ಹಿಂದ ಮಂದಿ ಇಳೀತು. 2025ರ ಫೆಬ್ರವರಿಯಾಗ ಊರ ಮಗ್ಗಲಿನ ಉಕ್ಕಿನ ಕಾರ್ಖಾನಿ ಬ್ಯಾಡಂತ ಕೊಪ್ಪಳ ಬಂದ್ ಆದಾಗ್ಲೂ ಅವ್ರು ಮಂದಿ ನಡುವ ಬಂದು ಮಾತಾಡಿದ್ರು, ನಾ ಬರ್ಮಿಂಗ್‌ಹ್ಯಾಮಿನ್ಯಾಗ ಬಸ್ಸಿನ್ಯಾಗ ಕುಂತು ಫೋನಿನ್ಯಾಗ ನೋಡಿ ಕಣ್ಣೀರು ಹಾಕೀನಿ. ಮುಂದಾಳು ಅಂದ್ರ ನಮಗ ಮಾರಿ ಗುರ್ತಿರೋ ಮನುಷ್ಯಾ. ಅಂಥಾ ಮಾರಿ ಅಲ್ಲೂ ಅದಾವ, ಆದ್ರ ನಾವೇ ಹೋಗಿ ನೋಡಬೇಕು, ಇದು ತಿಳೀಲಿಕ್ಕೆ ನಂಗ ಮೂರು ವರ್ಷ ಹಿಡೀತು, ಅದೂ ಕಳ್ಳತನ ಆದಮ್ಯಾಲೆ.

2014ರ ದೀಪಾವಳಿ. ನನ್ನ ಹೆಂಡ್ತಿ ಬೋರಮಾಳ, ಪಾಟ್ಲಿ ಹಾಕ್ಕೊಂಡು ಫೋಟೋ ತೆಗೆಸಿ ಫೇಸ್‌ಬುಕ್ಕಿಗೆ ಹಾಕಿದ್ಲು, ಮರುದಿನ ಹಬ್ಬದ ಕಾರ್ಯಕ್ರಮಕ್ಕ ಹೊಂಟೀವಿ ಅಂತಾನೂ ನಾನೇ ಬರದೆ. ಬಂಗಾರ ಎಲ್ಲಿಟ್ಟಿದ್ವಿ ಅಂದ್ರ ಜೋಳದ ಹಿಟ್ಟಿನ ಡಬ್ಬ್ಯಾಗ, ನಮ್ಮವ್ವ ಇಡ್ತಿದ್ದಂಗ. ರಾತ್ರಿ ಬಂದು ನೋಡಿದ್ರ ಹಿಂದಿನ ಬಾಗ್ಲದ ಗ್ಲಾಸ್ ಒಡದೈತಿ, ಅಡಗಿ ಮನಿ ತುಂಬ ಹಿಟ್ಟು ಚೆಲ್ಲೈತಿ, ಹಿಟ್ಟಿನ ಮ್ಯಾಲೆ ಒಂದು ಬೂಟಿನ ಗುರ್ತು, ಹಿಮ್ಮಡಿ ಗೀರು ಸೈತ ಚೊಲೋ ಮೂಡಿತ್ತು. ನಾವು ಏನು ಮಾಡಿದ್ವಿ? ಆಕಿ ಅಳ್ಕೊಂತ ಹಿಟ್ಟು ಬಳದ್ಲು, ನಾ ಬಾಗ್ಲಾ ಒರಸ್ದೆ. ಆ ರಾತ್ರಿ ಪೊಲೀಸ್ರಿಗೆ ಫೋನ್ ಮಾಡಲಿಲ್ಲ. ಸ್ಟೇಷನ್ ಮೆಟ್ಲು ಹತ್ತಬಾರದು ಅಂತ ಕೇಳ್ಕೊಂತ ಬೆಳದೋರು, ಮ್ಯಾಲೆ ವೀಸಾಕ್ಕ ಏನರ ಆದೀತು ಅಂತ ಅಂಜಿಕಿ.

ಮುಂಜಾನೆ ಮಗ್ಗಲ ಮನಿ ಅಮ್ಮ ಬಂದ್ಲು. ಜಮೈಕಾ ಮೂಲದಾಕಿ, ನರ್ಸ್ ಆಗಿ ರಿಟೈರ್ ಆಗ್ಯಾಳ. ನಿನ್ನೆ ಸಂಜಿ ನಿಮ್ಮ ಹಿಂದಿನ ಸಂದ್ಯಾಗ ಇಬ್ರು ಹುಡುಗ್ರು ನಿಂತಿದ್ರು, ನಿಮ್ಮ ಬೀಗರೋ ಏನೋ ಅನ್ಕೊಂಡೆ, ಕೇಳೋಣಂದ್ರ ನಿಮ್ಮ ನಂಬರ್ ನನ್ನ ಹತ್ರ ಇರಲಿಲ್ಲ ಅಂದ್ಲು. ಮೂರು ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಇದ್ದೀವಿ, ನಂಬರ್ ಕೊಟ್ಟಿದ್ದಿಲ್ಲ. ಆ ಮಾತು ಬಂಗಾರ ಹೋದದ್ದಕ್ಕಿಂತ ಹೆಚ್ಚು ಚುಚ್ಚಿತು ನಂಗ. ಆಮ್ಯಾಲೆ ಪೊಲೀಸ್ರಿಗೆ ತಿಳಿಸಿದ್ವಿ, ಅವ್ರು ಬಂದಾಗ ತೋರಿಸಾಕ ಬೂಟಿನ ಗುರ್ತೂ ಇದ್ದಿಲ್ಲ.

ಅದಕ್ಕ ಈಗ ಕೂಗಿ ಹೇಳ್ತೀನಿ. ಕಳ್ಳ ಇನ್ನೂ ಮನ್ಯಾಗ ಅದಾನ, ಯಾರಿಗರ ಜೀವಕ್ಕ ಅಪಾಯ ಐತಿ ಅಂದ್ರ ಪೊಲೀಸ್ರಿಗೆ 999ಕ್ಕ ಫೋನ್ ಮಾಡ್ರಿ. ಆಗಿ ಹೋಗೈತಿ ಅಂದ್ರ 101. ಏನೂ ಮುಟ್ಟಬ್ಯಾಡ್ರಿ, ಏನೂ ಬಳಿಬ್ಯಾಡ್ರಿ. ಕ್ರೈಮ್ ನಂಬರ್ ಕೊಡ್ತಾರ, ಅದಿಲ್ದ ಇನ್ಶೂರೆನ್ಸಿನವ್ರು ಮಾತಾಡಂಗಿಲ್ಲ. ದೂರು ಕೊಟ್ರ ನಿಮ್ಮ ವೀಸಾಕ್ಕ ಏನೂ ಆಗಂಗಿಲ್ಲ. ದೀಪಾವಳಿ ಬಂತಂದ್ರ ನಮ್ಮಂಥೋರ ಮನಿ ಬಂಗಾರದ ಮ್ಯಾಲೆ ಕಳ್ಳರ ಕಣ್ಣು ಐತಿ ಅಂತ ಅಲ್ಲಿ ಪೊಲೀಸ್ರೇ ಎಚ್ಚರಿಕಿ ಕೊಡ್ತಾರ. ಬಂಗಾರ ಊರಾಗ ಬಿಟ್ಟು ಹೋಗ್ರಿ.

ಆ ನರ್ಸಮ್ಮನೇ ನನ್ನ ಕೈ ಹಿಡ್ಕೊಂಡು ಚರ್ಚಿನ ಹಾಲ್‌ನ್ಯಾಗ ನಡೆಯೋ ಮೀಟಿಂಗಿಗೆ ಕರ್ಕೊಂಡು ಹೋದ್ಲು. ಹದಿನಾಲ್ಕು ಮಂದಿ ಇದ್ದಿರಬೇಕು, ಚಹಾ, ಬಿಸ್ಕೀಟು. ವಾರ್ಡ್ ಕೌನ್ಸಿಲರ್, ಕಮ್ಯುನಿಟಿ ಸಪೋರ್ಟ್ ಆಫೀಸರ್ ಅಂತ ಪೊಲೀಸ್ ಕಡೆಯಾಕಿ, ಮಸೀದಿ ಕಮಿಟಿಯವ್ರು, ಗುರುದ್ವಾರದ ಒಬ್ರು ಹಿರಿಯರು, ಸಾಲಿ ಮುಂದ ಕೋಲು ಹಿಡ್ಕೊಂಡು ಮಕ್ಕಳನ್ನ ರಸ್ತೆ ದಾಟಿಸೋ ಅಮ್ಮ. ಅವತ್ತು ಮುಕ್ಕಾಲು ತಾಸು ಬರೇ ನಮ್ಮ ಹಿಂದಿನ ಸಂದಿ ಒಂದ್ರ ಮ್ಯಾಲೆ ಮಾತಾತು, ದೀಪ ಎಲ್ಲಿ ಕೆಟ್ಟೈತಿ, ಗೇಟು ಹಾಕಿದ್ರ ಕೀಲಿ ಯಾರಿಗೆ ಕೊಡೋದು. ಐದು ತಿಂಗಳಿಗೆ ಗೇಟು ಬಂತು. ಪಟಾಕಿಲ್ಲ, ಹಾರಿಲ್ಲ, ಯಾರ ಫ್ಲೆಕ್ಸೂ ಇಲ್ಲ. ನೇಬರ್‌ಹುಡ್ ವಾಚ್, ಅಂದ್ರ ಓಣಿ ಮಂದೀನ ಕೂಡಿ ಓಣಿ ಕಾಯೋದು, ಆ ದೇಶದಾಗ 1982ರಾಗ ಚೆಷೈರ್ ಕಡೆ ಒಂದು ಹಳ್ಳಿಯಾಗ ಸುರು ಆಗಿದ್ದು, ನಮ್ಮ ಕಟ್ಟಿ ಅಜ್ಜ ಮಾಡೋ ಕೆಲ್ಸಾನೇ ಅದು, ಅವ್ರು ಹೆಸರಿಟ್ಟು ಮಾಡ್ತಾರ.

ಬರ್ಮಿಂಗ್‌ಹ್ಯಾಮಿಗೆ 69 ವಾರ್ಡು, 101 ಕೌನ್ಸಿಲರ್. ಅವ್ರು ಮಂದೀನ ಭೆಟ್ಟಿ ಆಗೋ ಹೊತ್ತಿಗೆ "ಸರ್ಜರಿ" ಅಂತಾರ, ದವಾಖಾನಿ ಅನ್ಕೊಂಡು ಬಿಡಬ್ಯಾಡ್ರಿ, ಹೋಗಿ ಕುಂತು ನಿಮ್ಮ ತ್ರಾಸು ಹೇಳೋ ಜಾಗ ಅದು. ಇನ್ನೊಂದು, ಭಾರತದ ಪಾಸ್‌ಪೋರ್ಟ್ ಇದ್ರೂ ಕಾಮನ್‌ವೆಲ್ತ್ ಮಂದಿ ಅಂತ ನಮಗ ಅಲ್ಲಿ ವೋಟ್ ಐತಿ, ಸ್ಟೂಡೆಂಟ್ ವೀಸಾದವ್ರಿಗೂ. ನಂಗ ಇದು 2018ರ ತನಕ ಗೊತ್ತಿದ್ದಿಲ್ಲ, ಏಳು ವರ್ಷ ಕೌನ್ಸಿಲ್‌ನಿಂದ (ಅಲ್ಲಿನ ನಗರಸಭೆ) ಬಂದ ವೋಟಿನ ಕಾಗದ ಓದದ ಹರದು ಹಾಕೀನಿ. ಕಲಬುರಗಿಯ ನೀರಜ್ ಪಾಟೀಲ್ ಅವ್ರು ಕೌನ್ಸಿಲರ್ ಆಗಿ, 2010ರಾಗ ಲಂಡನ್ನಿನ ಲ್ಯಾಂಬೆತ್‌ಗೆ ಮೇಯರೂ ಆದ್ರು. ಥೇಮ್ಸ್ ದಂಡಿಯ ಬಸವಣ್ಣನ ಮೂರ್ತಿ, 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಅವ್ರ ಓಡಾಟದಿಂದನ ಬಂದದ್ದು. ನಾವೆಲ್ಲಾ ಅಲ್ಲಿ ಹೋಗಿ ಫೋಟೋ ತೆಗಿಸ್ಕೊಂತೀವಿ, ಸ್ವಂತ ವಾರ್ಡಿನ ಹೆಸರು ಕೇಳಿದ್ರ ಗೊತ್ತಿರಂಗಿಲ್ಲ.

ನಮ್ಮ ಕೌನ್ಸಿಲ್ ಕಡೆ ರೊಕ್ಕ ಇಲ್ಲ ಅಂತ 2023ರಾಗ ಅವ್ರೇ ಒಪ್ಕೊಂಡ್ರು. 2025ರ ಮಾರ್ಚ್ 11ರಿಂದ ಕಸ ಎತ್ತೋ ಕಾರ್ಮಿಕ್ರು ಪಗಾರದ ಸಲುವಾಗಿ ಪೂರ್ತಿ ಮುಷ್ಕರಕ್ಕ ಕುಂತ್ರು, ತಿಂಗಳ ಕೊನೀಗೆ 17,000 ಟನ್ ಕಸ ಬೀದಿಯಾಗ ಬಿದ್ದಿತ್ತು, ಇಲಿ ಓಡಾಡ್ತಿದ್ವು. ಆಗ ಮಸೀದಿ ಕಮಿಟಿಯವ್ರು ವ್ಯಾನ್ ತಂದ್ರು, ಗುರುದ್ವಾರದವ್ರು ಕೈಗವಸು ಹಂಚಿದ್ರು, ಒಬ್ಬಂಟಿ ಮುದುಕ್ರು ಯಾವ್ಯಾವ ಮನ್ಯಾಗ ಅದಾರ ಅಂತ ನರ್ಸಮ್ಮ ಪಟ್ಟಿ ಬರದ್ಲು. ನನ್ನ ಮಗಳು, ಹದಿಮೂರು ವರ್ಷದಾಕಿ, ಚೀಲ ಹಿಡ್ಕೊಂಡು ನಿಂತಿದ್ಲು. ಆ ಓಣಿಯಾಗ ಆಕೀಗೆ ಎಲ್ರ ಹೆಸರು ಗೊತ್ತು, ಎಲ್ರಿಗೂ ಆಕಿ ಹೆಸರು ಗೊತ್ತು.

ಇಲ್ಲಿ ಮೊನ್ನೆ ಕಟ್ಟಿ ಮ್ಯಾಲಿನ ಅಜ್ಜ ಆಕೀನ್ನ ನಿಲ್ಲಿಸಿ "ಯಾರ ಮಗಳವ್ವ ನೀ?" ಅಂದ. ಆಕೀಗೆ ಪ್ರಶ್ನಿ ತಿಳೀತು, ಕನ್ನಡದಾಗ ಉತ್ತರ ಕೊಡಾಕ ಬರ್ಲಿಲ್ಲ, ನನ್ನ ಮಾರಿ ನೋಡಿದ್ಲು. ನನ್ನ ಎದಿ ಹಿಂಡಿದಂಗ ಆತು. ನಂಗ ಅಲ್ಲಿ ಹದಿನಾಲ್ಕು ವರ್ಷದಾಗ ಯಾರೂ "ಯಾರ ಮಗಾ" ಅಂತ ಕೇಳಿಲ್ಲ, ಎಲ್ಲಿಂದ ಬಂದೀ ಅಂತ ಕೇಳ್ಯಾರ, ಏನು ಕೆಲ್ಸ ಅಂತ ಕೇಳ್ಯಾರ. ಆ ಒಂದು ಪ್ರಶ್ನಿ ನಾ ಊರಾಗ ಬಿಟ್ಟು ಹೋದೆ, ಮಗಳಿಗೆ ಉತ್ತರಾನೂ ಕಲಿಸ್ಲಿಲ್ಲ.

ಅಲ್ಲಿಗೆ ಹೋದ ಮೊದಲ ವಾರದಾಗನ ಎರಡೂ ಮಗ್ಗಲ ಮನಿ ಬಾಗ್ಲಾ ಬಡೀರಿ, ಹೆಸರು ಹೇಳ್ರಿ, ನಂಬರ್ ಕೊಡ್ರಿ, ಕೈಯಾಗ ಏನರ ಇರಲಿ. ಶೇಂಗಾ ಹೋಳಿಗಿ, ಕರದಂಟು ಬ್ಯಾಡ, ಶೇಂಗಾ ಗೋಡಂಬಿ ಅಲರ್ಜಿ ಇರೋರು ಅಲ್ಲಿ ಬಾಳ ಮಂದಿ ಅದಾರ. ನಮ್ಮ ಮನಿ ಕೀಲಿ ಈಗ ನರ್ಸಮ್ಮನ ಹತ್ರ ಐತಿ, ಗಿಡಕ್ಕ ನೀರು ಹಾಕಿ ನಿನ್ನೆ ಫೋಟೋ ಕಳಿಸ್ಯಾಳ. ಆಕೀಗೆ ಒಯ್ಯಾಕಂತ ಅವ್ವ ಒಳಗ ಚಕ್ಲಿ ಕರೀಲಿಕ್ಕೆ ಹತ್ಯಾಳ.