ಬೀಜ ಹಾಕದ ವೆಲ್‌ನಲ್ಲೂ ಮೊಳಕೆ ಬಂತು

ನಾನು ಕೆಲಸ ಮಾಡುತ್ತಿರುವುದು ಆಲ್ಫಾ-ಸೈನ್ಯೂಕ್ಲಿನ್ ಅನ್ನುವ ಪ್ರೋಟೀನ್ ಮೇಲೆ. 140 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಇದು. ನಮ್ಮೆಲ್ಲರ ಮಿದುಳಿನಲ್ಲೂ ಇರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಪಾರ್ಕಿನ್ಸನ್ ಕಾಯಿಲೆ ಬಂದವರಲ್ಲಿ ಇದೇ ಪ್ರೋಟೀನ್ ತಪ್ಪಾಗಿ ಮಡಚಿಕೊಂಡು, ಒಂದಕ್ಕೊಂದು ಅಂಟಿ, ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ. ನರಕೋಶದೊಳಗೆ ಕಾಣುವ ಇಂಥ ಗಂಟುಗಳಿಗೆ ಲೆವಿ ಕಾಯಗಳು ಅನ್ನುತ್ತಾರೆ; ಅವುಗಳ ಮುಖ್ಯ ಸರಕು ಇದೇ ಅಂತ 1997ರಲ್ಲಿ ಗೊತ್ತಾಯಿತು.

ಈ ಗಂಟು ಕಟ್ಟುವುದನ್ನು ಲ್ಯಾಬಿನಲ್ಲೇ ನೋಡಬಹುದು. 96 ವೆಲ್‌ಗಳ, ಅಂದರೆ ಪುಟ್ಟ ಗುಳಿಗಳ, ಪ್ಲಾಸ್ಟಿಕ್ ಪ್ಲೇಟ್ ತೆಗೆದುಕೊಳ್ಳುತ್ತೇನೆ. ಪ್ರತಿ ವೆಲ್‌ಗೂ ಶುದ್ಧ ಪ್ರೋಟೀನ್, ಥಯೋಫ್ಲೇವಿನ್-ಟಿ ಬಣ್ಣ, ಒಂದು ಗಾಜಿನ ಮಣಿ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಾ ಇಡುತ್ತೇನೆ. ಆ ಬಣ್ಣ ಎಳೆಗಳಿಗೆ ಅಂಟಿದಾಗ ಮಾತ್ರ ಜೋರಾಗಿ ಹೊಳೆಯುತ್ತದೆ. ಪರದೆಯ ಮೇಲೆ ಈ ಹೊಳಪನ್ನು ತೋರಿಸುವ ಗೆರೆ ಮೊದಲು ಚಪ್ಪಟೆಯಾಗಿ ಮಲಗಿರುತ್ತದೆ, ಆಮೇಲೆ ಸರ್ರನೆ ಏರಿ ಕೊನೆಗೆ ನಿಲ್ಲುತ್ತದೆ. ಮೊದಲೇ ಬೆಳೆದ ಎಳೆಗಳನ್ನು ಚೂರು ಮಾಡಿ ಒಂದಿಷ್ಟು ಸೇರಿಸಿದರೆ ಏರಿಕೆ ತುಂಬಾ ಬೇಗ ಶುರುವಾಗುತ್ತದೆ. ಆ ಚೂರುಗಳನ್ನೇ ನಾವು ಬೀಜ ಅನ್ನುವುದು. ಕೆಟ್ಟದಾಗಿ ಮಡಚಿದ ಪ್ರೋಟೀನ್ ಪಕ್ಕದ ಒಳ್ಳೆಯದನ್ನೂ ತನ್ನ ಅಚ್ಚಿಗೇ ಎಳೆದುಕೊಳ್ಳುತ್ತದೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ಸೋಮವಾರ ಬಂದು ನೋಡಿದರೆ ಬೀಜ ಹಾಕದ ವೆಲ್‌ಗಳಲ್ಲೂ ಗೆರೆ ಏರಿತ್ತು. ಒಂದರಲ್ಲಿ ಶುರುವಾಗಿ 9 ಗಂಟೆ ಕಳೆದ ಮೇಲೆ, ಪಕ್ಕದ್ದರಲ್ಲಿ 30 ಗಂಟೆ ಕಳೆದ ಮೇಲೆ, ಇನ್ನೊಂದರಲ್ಲಿ ಏರಿಕೆಯೇ ಇಲ್ಲ. ಹೋಲಿಸಿ ನೋಡಲೆಂದೇ ಬೀಜವಿಲ್ಲದೆ ಇಡುವ ಈ ವೆಲ್‌ಗಳಿಗೆ ಕಂಟ್ರೋಲ್ ಅನ್ನುತ್ತೇವೆ. ಕಂಟ್ರೋಲ್ ಹೀಗಾದರೆ ಆ ಪ್ಲೇಟಿನ ಬೇರೆ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ.

ಮೊದಲು ಅನುಮಾನ ಬಂದಿದ್ದು ಪ್ರೋಟೀನ್ ಮೇಲೆ. ಫ್ರೀಜರ್‌ನಿಂದ ತೆಗೆದು ಕರಗಿಸುವಾಗಲೇ ಸಣ್ಣ ಗುಂಪುಗಳು ಹುಟ್ಟಿರಬಹುದು ಅಲ್ವಾ? ಒಂಟಿ ಅಣುವಿನ ತೂಕ ಸುಮಾರು 14 ಕಿಲೋಡಾಲ್ಟನ್ (ಅಣುಗಳ ತೂಕ ಅಳೆಯುವ ಮಾನ). ಹಾಗಾಗಿ ಪ್ರತಿ ಸಲ ಬಳಸುವ ಮುಂಚೆ 100 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಸೋಸತೊಡಗಿದೆ. ಒಂಟಿ ಅಣುಗಳು ಇಳಿಯುತ್ತವೆ, ದೊಡ್ಡ ಗುಂಪುಗಳು ಮೇಲೇ ಉಳಿಯುತ್ತವೆ. ಸ್ವಲ್ಪ ಸುಧಾರಿಸಿತು, ಅಷ್ಟೇ.

ಕಳ್ಳ ಸಿಕ್ಕಿದ್ದು ಪೈಪೆಟ್‌ನಲ್ಲಿ, ಅಂದರೆ ದ್ರವವನ್ನು ಅಳೆದು ಎಳೆದು ಹಾಕುವ ಸಾಧನದಲ್ಲಿ. ಬೀಜ ತಯಾರಿಸುವುದಕ್ಕೂ ಕಂಟ್ರೋಲ್ ಹಾಕುವುದಕ್ಕೂ ಒಂದೇ ಪೈಪೆಟ್ ಬಳಸುತ್ತಿದ್ದೆ. ಪ್ರತಿ ಸಲ ಅದರ ತುದಿಯ ಪ್ಲಾಸ್ಟಿಕ್ ಟಿಪ್ ಬದಲಿಸುತ್ತಿದ್ದೆ, ಮೇಜನ್ನು ಬ್ಲೀಚ್‌ನಿಂದ ಒರೆಸುತ್ತಿದ್ದೆ. ಆದರೆ ಈ ಎಳೆಗಳು ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಅಂಟುತ್ತವೆ. ಬ್ಲೀಚ್‌ಗೆ ಪೂರ್ತಿ ಬಗ್ಗುವುದೂ ಇಲ್ಲ. 1 ಶೇಕಡಾ ಎಸ್‌ಡಿಎಸ್ ದ್ರಾವಣ ಅವನ್ನು ಕಿತ್ತು ಬಿಚ್ಚುತ್ತದೆ. ಎಸ್‌ಡಿಎಸ್ ಅಂದರೆ ಒಂದು ಬಗೆಯ ಸೋಪು. ಪೈಪೆಟ್ ಬಿಚ್ಚಿ ಅದರಲ್ಲಿ ತೊಳೆದೆ. ಬೀಜಕ್ಕೆ ಬೇರೆ ಮೇಜು, ಬೇರೆ ಪೈಪೆಟ್, ಫಿಲ್ಟರ್ ಇರುವ ಟಿಪ್. ಕಂಟ್ರೋಲ್ ಮೊದಲು ಹಾಕಿ ಸೀಲ್ ಮಾಡುವುದು, ಬೀಜ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಮುಂದಿನ ಪ್ಲೇಟಿನಲ್ಲಿ ಕಂಟ್ರೋಲ್ ಗೆರೆ 72 ಗಂಟೆ ಅಲುಗಾಡದೆ ಮಲಗಿತ್ತು. ಅದನ್ನು ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಪೈಪೆಟ್‌ನೊಳಗೆ ಕೂತ, ಕಣ್ಣಿಗೇ ಕಾಣದ ಒಂದು ಚೂರು ಅಷ್ಟು ಪ್ರೋಟೀನನ್ನು ಹಾಳು ಮಾಡಿತ್ತು. ಮಿದುಳಿನಲ್ಲೂ ಹೀಗೇ ಹರಡುತ್ತದೆಯೇ? 2008ರಲ್ಲಿ ಪ್ರಕಟವಾದ ವರದಿಗಳು ನನ್ನನ್ನು ಬಿಡದೆ ಕಾಡುತ್ತವೆ. ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಭ್ರೂಣದ ನರಕೋಶಗಳನ್ನು ಕಸಿ ಮಾಡಿ ಹತ್ತು ವರ್ಷಕ್ಕೂ ಜಾಸ್ತಿ ಆಗಿತ್ತು. ಅವರು ತೀರಿಕೊಂಡ ಮೇಲೆ ನೋಡಿದರೆ, ರೋಗಿಯ ಕೋಶಗಳಿಗಿಂತ ಎಷ್ಟೋ ಚಿಕ್ಕ ವಯಸ್ಸಿನ ಆ ಕೋಶಗಳಲ್ಲೂ ಲೆವಿ ಕಾಯಗಳಿದ್ದವು.

ಇದೇ ಗುಣವನ್ನು ಈಗ ಪರೀಕ್ಷೆಯಾಗಿ ಬಳಸುತ್ತಾರೆ. ಬೆನ್ನುಹುರಿಯ ದ್ರವ ಒಂದಿಷ್ಟು ಹಾಕಿ ಗೆರೆ ಏರುತ್ತದೆಯೇ ನೋಡುವುದು. 2023ರಲ್ಲಿ 1,123 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಪಾರ್ಕಿನ್ಸನ್ ಇರುವವರಲ್ಲಿ 87.7 ಶೇಕಡಾ ಮಂದಿಯಲ್ಲಿ ಪರೀಕ್ಷೆ ಪಾಸಿಟಿವ್. ಎಲ್‌ಆರ್‌ಆರ್‌ಕೆ2 ಜೀನ್‌ನಲ್ಲಿ ಬದಲಾವಣೆ ಇದ್ದವರಲ್ಲಿ ಈ ಪ್ರಮಾಣ ಕಡಿಮೆ. ಅಂದರೆ ಒಂದೇ ಹೆಸರಿನ ಕಾಯಿಲೆಯ ಹಿಂದೆ ಒಂದೇ ದಾರಿ ಇಲ್ಲದಿರಬಹುದು.

ಚಿಕಿತ್ಸೆ ಇನ್ನೂ ದೂರವಿದೆ. ಈ ಪ್ರೋಟೀನನ್ನು ಹಿಡಿಯುವ ಪ್ರಾಸಿನೆಜುಮಾಬ್, ಸಿನ್‌ಪನೆಮಾಬ್ ಎಂಬ ಎರಡು ಆ್ಯಂಟಿಬಾಡಿಗಳ ಎರಡನೇ ಹಂತದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡೂ ಮುಖ್ಯ ಗುರಿ ಮುಟ್ಟಲಿಲ್ಲ. ಓದಿ ಬೇಜಾರಾಯಿತು. ಆದರೂ ಪ್ಲೇಟ್ ಹಾಕುವುದನ್ನು ನಿಲ್ಲಿಸಲು ಅದು ಕಾರಣ ಅಂತ ನನಗೆ ಅನಿಸಲಿಲ್ಲ.

ಕಳೆದ ವಾರ ಒಂದು ಹೊಸ ಅಣು ಏರಿಕೆಯನ್ನು ಐದು ಗಂಟೆ ತಡ ಮಾಡಿತು. ಎಳೆ ಬೆಳೆಯುವುದನ್ನೇ ತಡೆಯಿತೋ, ಬಣ್ಣದ ಹೊಳಪನ್ನು ಮಾತ್ರ ಮಂಕಾಗಿಸಿತೋ, ಪ್ಲೇಟ್ ನೋಡಿ ಹೇಳಲು ಆಗುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲೇ ನೋಡಬೇಕು. ಅದಕ್ಕಾಗಿ ಮಾದರಿ ಹಾಕಿದ ಪುಟ್ಟ ಜಾಲರಿಗಳನ್ನು (ಗ್ರಿಡ್) ಒಣಗಲು ಇಟ್ಟು ಬಂದಿದ್ದೇನೆ.