ಮೂರು ಟ್ರಂಕ್‌ಗಳ ನಡುವೆ ಶೇಕಡಾವಾರು ಕರೆ ಹಂಚಿಕೆ: ನನ್ನ ಅನುಭವ

ಬೆಂಗಳೂರಿನಲ್ಲಿ ಗೃಹೋಪಯೋಗಿ ಯಂತ್ರಗಳನ್ನು ದುರಸ್ತಿ ಮಾಡಿಕೊಡುವ ಸಂಸ್ಥೆಯೊಂದರ ದೂರವಾಣಿ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಹೊರಹೋಗುವ ಕರೆಗಳೆಲ್ಲ ಒಂದೇ ಕಂಪನಿಯ ಸಿಪ್ ಟ್ರಂಕ್ (ಇಂಟರ್ನೆಟ್ ಮಾದರಿಯ ಜಾಲದಲ್ಲಿ ಕರೆಗಳನ್ನು ಒಯ್ಯುವ ಸಂಪರ್ಕ) ಮೂಲಕ ಸಾಗುತ್ತಿದ್ದಾಗ, ಆ ಕಂಪನಿಯ ಜಾಲ ಕೈಕೊಟ್ಟರೆ ನಮ್ಮ ಕೆಲಸವೂ ನಿಲ್ಲುತ್ತಿತ್ತು. ಆದ್ದರಿಂದ ಮೂರು ಕಂಪನಿಗಳಿಂದ ಟ್ರಂಕ್ ಪಡೆದು, ದರವನ್ನೂ ಚಾನೆಲ್‌ಗಳ (ಏಕಕಾಲಕ್ಕೆ ಸಾಗಬಲ್ಲ ಕರೆಗಳ) ಸಂಖ್ಯೆಯನ್ನೂ ತೂಗಿ ನೋಡಿ, ಕರೆಗಳನ್ನು 50, 30, 20ರ ಪ್ರಮಾಣದಲ್ಲಿ ಹಂಚುವುದೆಂದು ತೀರ್ಮಾನಿಸಿದೆವು.

ನಮ್ಮದು ಆಸ್ಟೆರಿಸ್ಕ್ ಎಂಬ ದೂರವಾಣಿ ತಂತ್ರಾಂಶದ ಸರ್ವರ್. ಕರೆ ಯಾವ ದಾರಿ ಹಿಡಿಯಬೇಕೆಂದು ಬರೆದಿಡುವ ಅದರ ಡಯಲ್‌ಪ್ಲಾನಿನಲ್ಲಿ ಪ್ರತಿ ಕರೆಗೂ 1ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಎತ್ತಿಸಿ, 50ರವರೆಗೆ ಬಂದರೆ ಮೊದಲ ಟ್ರಂಕ್, 51ರಿಂದ 80ರವರೆಗೆ ಎರಡನೆಯದು, ಉಳಿದಂತೆ ಮೂರನೆಯದು ಎಂದು ಬರೆದರೆ ಹಂಚಿಕೆಯ ಮೂಲ ಕೆಲಸ ಮುಗಿಯಿತು. ಇದನ್ನು ನೋಡುವವರು ಒಂದು ಗಂಟೆಯ ವರದಿ ಹಿಡಿದು ‘ಲೆಕ್ಕ ಸರಿಬಂದಿಲ್ಲ’ ಎನ್ನುವುದುಂಟು. ಆದರೆ 100 ಕರೆಗಳಲ್ಲಿ ಶೇ. 20ರ ಪಾಲಿನ ಟ್ರಂಕ್‌ಗೆ 12ರಿಂದ 28ರವರೆಗೆ ಎಷ್ಟು ಬಿದ್ದರೂ ಅಸಹಜವಲ್ಲ. 10,000 ಕರೆಗಳಾಗುವ ಹೊತ್ತಿಗೆ ಅದು ಸಾಮಾನ್ಯವಾಗಿ 1,920 ಮತ್ತು 2,080ರ ನಡುವೆ ಬಂದು ನಿಲ್ಲುತ್ತದೆ.

ನಿಜವಾದ ಕಷ್ಟ ಇರುವುದು ಒಂದು ಟ್ರಂಕ್ ಬಿದ್ದಾಗ ಅದರ ಪಾಲು ಎಲ್ಲಿಗೆ ಹೋಗಬೇಕು ಎಂಬಲ್ಲಿ. ‘ಸಿಗದಿದ್ದರೆ ಮುಂದಿನ ಟ್ರಂಕ್‌ಗೆ ಹೋಗು’ ಎಂದು ಬರೆಯುವುದು ಸುಲಭ. ಆದರೆ ಹಾಗೆ ಬರೆದರೆ ಎರಡನೆಯ ಟ್ರಂಕ್ ನಿಂತಾಗ ಅದರ 30 ಪಾಲು ಪೂರ್ತಿಯಾಗಿ ಮೂರನೆಯದರ ಮೇಲೆ ಬಿದ್ದು, 20 ಇದ್ದದ್ದು 50 ಆಗುತ್ತದೆ. ಗಂಟೆಗೆ 600 ಕರೆ, ಸರಾಸರಿ ಮೂರು ನಿಮಿಷದ ಮಾತು ಎಂದುಕೊಂಡರೆ ಒಟ್ಟು 30 ಚಾನೆಲ್‌ಗಳು ಸದಾ ತುಂಬಿರುತ್ತವೆ. ಮೂರನೆಯ ಟ್ರಂಕ್‌ಗೆ ಅದರಲ್ಲಿ ಬರಬೇಕಾದದ್ದು 6, ಬರುವುದು 15. ಅಲ್ಲಿ ಇರುವುದೇ 10 ಚಾನೆಲ್ ಆದರೆ ಅದೂ ಉಸಿರುಗಟ್ಟುತ್ತದೆ. ಹಾಗಾಗಿ ನಾನು ಬಿದ್ದ ಟ್ರಂಕನ್ನು ಪಟ್ಟಿಯಿಂದ ತೆಗೆದು, ಉಳಿದ ಪಾಲುಗಳ ಮೊತ್ತದೊಳಗೆ, ಅಂದರೆ 1ರಿಂದ 70ರೊಳಗೆ, ಮತ್ತೆ ಸಂಖ್ಯೆ ಎತ್ತಿಸುತ್ತೇನೆ. ಆಗ ಮೊದಲನೆಯದಕ್ಕೆ ಸುಮಾರು ಶೇ. 71, ಮೂರನೆಯದಕ್ಕೆ ಶೇ. 29 ಹೋಗುತ್ತದೆ, ಅಂದರೆ ಮೂರನೆಯದರ ಮೇಲಿನ ಭಾರ 9 ಚಾನೆಲ್ ದಾಟುವುದಿಲ್ಲ. ಅದೂ ಸರಾಸರಿಯೇ ಆದ್ದರಿಂದ ಕೆಲವು ಕರೆಗಳಿಗೆ ಜಾಗ ಸಿಗದೆ ಹೋಗಬಹುದು, ಆದರೆ ಟ್ರಂಕ್ ಕಟ್ಟಿಕೊಳ್ಳುವುದಿಲ್ಲ.

ಯಾವ ವೈಫಲ್ಯಕ್ಕೆ ದಾರಿ ಬದಲಿಸಬೇಕು ಎಂಬುದನ್ನೂ ವಿಂಗಡಿಸಲೇಬೇಕು. ಕರೆ ಸೇರದಿದ್ದಾಗ ಕಾರಣ ತಿಳಿಸುವ ಒಂದು ಸಂಕೇತ ಸಂಖ್ಯೆ ಬರುತ್ತದೆ. ಚಾನೆಲ್ ಖಾಲಿಯಿಲ್ಲ ಎಂಬ 34, ಜಾಲ ಕೆಟ್ಟಿದೆ ಎಂಬ 38 ಬಂದರೆ ಇನ್ನೊಂದು ಟ್ರಂಕ್. ಗ್ರಾಹಕರ ಫೋನ್ ಬ್ಯುಸಿ ಎಂಬ 17, ಅಂಥ ನಂಬರ್ ಇಲ್ಲವೆಂಬ 1 ಬಂದರೆ ಅಲ್ಲಿಗೇ ಮುಕ್ತಾಯ. ಈ ವ್ಯತ್ಯಾಸ ಮಾಡದಿದ್ದರೆ ಬ್ಯುಸಿ ಇರುವ ಒಬ್ಬರಿಗೆ ಮೂರು ಕಂಪನಿಗಳ ಮೂಲಕವೂ ಕರೆ ಹೋಗಿ, ಹಂಚಿಕೆಯ ಅಂಕಿ ಅಂಶಗಳೂ ಕಲಸಿಹೋಗುತ್ತವೆ.

ನಮ್ಮ ವ್ಯವಹಾರಕ್ಕೆ ಇನ್ನೊಂದು ಸಂಗತಿ ಮುಖ್ಯವಾಗಿತ್ತು. ಪ್ರತಿ ಕಂಪನಿ ಕೊಟ್ಟ ನಂಬರ್ ಬೇರೆಯಾದ್ದರಿಂದ, ಒಬ್ಬರೇ ಗ್ರಾಹಕರಿಗೆ ಬೆಳಿಗ್ಗೆ ಒಂದು ನಂಬರಿನಿಂದ, ಮಧ್ಯಾಹ್ನ ಮತ್ತೊಂದರಿಂದ ಕರೆ ಹೋದರೆ ಅವರು ಎತ್ತುವುದೇ ಇಲ್ಲ. ಅದಕ್ಕಾಗಿ ಕೊನೆಗೆ ಯಾದೃಚ್ಛಿಕ ಸಂಖ್ಯೆಯನ್ನು ಬಿಟ್ಟು, ಗ್ರಾಹಕರ ನಂಬರಿನ ಕೊನೆಯ ಎರಡು ಅಂಕಿಗಳನ್ನೇ ಬಳಸಿಕೊಂಡೆ: 00ರಿಂದ 49 ಮೊದಲನೆಯದಕ್ಕೆ, 50ರಿಂದ 79 ಎರಡನೆಯದಕ್ಕೆ, 80ರಿಂದ 99 ಮೂರನೆಯದಕ್ಕೆ. ಫ್ಯಾನ್ಸಿ ನಂಬರ್‌ಗಳಿಂದ ತುಸು ಏರುಪೇರಾದರೂ ಹಂಚಿಕೆ ಬಹುತೇಕ ನಿಗದಿಯಂತೆಯೇ ಇರುತ್ತದೆ, ಒಬ್ಬ ಗ್ರಾಹಕರಿಗೆ ಕಾಣುವ ನಂಬರೂ ಒಂದೇ ಆಗಿರುತ್ತದೆ. ಯಾದೃಚ್ಛಿಕ ಆಯ್ಕೆಯನ್ನು ಈಗ ಟ್ರಂಕ್ ಬಿದ್ದ ಹೊತ್ತಿಗೆ ಮಾತ್ರ ಉಳಿಸಿಕೊಂಡಿದ್ದೇನೆ.

ಬಿಲ್ ಮಾತ್ರ ಕರೆಗಳ ಎಣಿಕೆಯನ್ನು ಅನುಸರಿಸುವುದಿಲ್ಲ. 60 ಸೆಕೆಂಡಿನ ಪಲ್ಸ್ ಇರುವ ಟ್ರಂಕ್‌ನಲ್ಲಿ 61 ಸೆಕೆಂಡಿನ ಮಾತಿಗೆ ಎರಡು ನಿಮಿಷದ ಹಣ ಬೀಳುವುದರಿಂದ, ಪಾಲುಗಳನ್ನು ಪರಿಷ್ಕರಿಸುವಾಗ ಕರೆಗಳ ಸಂಖ್ಯೆಯ ಬದಲು ಬಿಲ್ ಆದ ನಿಮಿಷಗಳನ್ನು ನೋಡುತ್ತೇನೆ. ಮೊದಲನೆಯದನ್ನು 60ಕ್ಕೆ ಏರಿಸಿ ಎರಡನೆಯದನ್ನು 20ಕ್ಕೆ ಇಳಿಸಬೇಕೆಂದರೆ, 50ರಿಂದ 59ರ ಅಂಕಿಗಳನ್ನಷ್ಟೇ ಅತ್ತ ಸರಿಸಿದರಾಯಿತು. ಉಳಿದ ಗ್ರಾಹಕರಿಗೆ ಕಾಣುವ ನಂಬರ್ ಬದಲಾಗುವುದಿಲ್ಲ.