ಕಲ್ಲಿಗೆ ನೀರು ಇಷ್ಟವೋ, ಎಣ್ಣೆಯೋ?

ನೆಲದಡಿಯ ಎಣ್ಣೆ ನಿಕ್ಷೇಪದ ನಮ್ಮ ಕಂಪ್ಯೂಟರ್ ಮಾಡೆಲ್‌ನಲ್ಲಿ ನೀರು ಎಣ್ಣೆ ಬಾವಿಗೆ ತಡವಾಗಿ ಬರುತ್ತಿತ್ತು, ನಿಜದಲ್ಲಿ ಬೇಗ ಬಂದಿತ್ತು. ಎರಡು ವಾರ ಸುಮ್ನೆ ಪರ್ಮಿಯಬಿಲಿಟಿ (ಕಲ್ಲು ದ್ರವವನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಎಂಬ ಅಳತೆ) ತಿದ್ದುತ್ತಾ ಕೂತೆ. ತಪ್ಪು ಇದ್ದದ್ದು ಲ್ಯಾಬ್‌ನಲ್ಲಿ.

ಕೋರ್ ತುಂಡನ್ನು, ಅಂದರೆ ಬಾವಿಯಿಂದ ಕೊರೆದು ತೆಗೆದ ಕಲ್ಲನ್ನು, ಟಾಲ್ವೀನ್, ಮೆಥನಾಲ್ ದ್ರಾವಕಗಳಲ್ಲಿ ತೊಳೆದು, ಅದಕ್ಕೆ ಯಾವುದು ಇಷ್ಟ ಎಂದು ಹಾಗೇ ಅಳೆದಿದ್ದೆ. ಉಪ್ಪುನೀರಿನಲ್ಲಿ ಮುಳುಗಿದ ಕಲ್ಲಿನ ತಳಕ್ಕೆ ಎಣ್ಣೆ ಹನಿ ಬಿಟ್ಟರೆ ಮುತ್ತಿನಂತೆ ದುಂಡಗೆ ನಿಂತಿತು. ನೀರಿನ ಕಡೆಯಿಂದ ಕೋನ 35 ಡಿಗ್ರಿ, ಅಂದರೆ ಕಲ್ಲಿಗೆ ನೀರೇ ಇಷ್ಟ. ಆದರೆ ತೊಳೆದಾಗ ಕಲ್ಲಿಗೆ ಅಂಟಿದ ಆಸ್ಫಾಲ್ಟೀನ್ (ಕಚ್ಚಾ ಎಣ್ಣೆಯ ಭಾರವಾದ, ಡಾಂಬರಿನಂಥ ಅಂಶ) ಪದರವೂ ಹೋಗಿರುತ್ತದೆ ಅಲ್ವಾ!

ಮತ್ತೆ ಉಪ್ಪುನೀರು ತುಂಬಿಸಿ, ಅದೇ ಬಾವಿಯ ಕಚ್ಚಾ ಎಣ್ಣೆ ನುಗ್ಗಿಸಿ, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ದಿನ ಇಟ್ಟೆ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಈ ಸಲ ಹನಿ ಚಪ್ಪಟೆಯಾಗಿ ಹರಡಿತು: 120 ಡಿಗ್ರಿ, ಅಂದರೆ ಕಲ್ಲಿಗೆ ಎಣ್ಣೆಯೇ ಇಷ್ಟ. ಇದೇ ಒಲವನ್ನು ಅಳೆಯುವ ಆಮಟ್-ಹಾರ್ವೆ ಸೂಚ್ಯಂಕವೂ ಮೈನಸ್‌ಗೆ, ಅಂದರೆ ಎಣ್ಣೆಯ ಕಡೆಗೆ, ಇಳಿಯಿತು. ಇಂಥ ಕಲ್ಲಿಗೆ ಎಣ್ಣೆ ಅಂಟಿಕೊಳ್ಳುತ್ತದೆ, ನೀರು ಬೇಗ ಮುಂದೆ ನುಗ್ಗುತ್ತದೆ. ಈ ಕೋರ್‌ನಿಂದಲೇ ರಿಲೇಟಿವ್ ಪರ್ಮಿಯಬಿಲಿಟಿ (ಎಣ್ಣೆ, ನೀರು ಒಟ್ಟಿಗಿದ್ದಾಗ ಒಂದೊಂದೂ ಎಷ್ಟು ಸುಲಭವಾಗಿ ಹರಿಯುತ್ತದೆ) ಗೆರೆಗಳನ್ನು ಹೊಸದಾಗಿ ಅಳೆದು ಮಾಡೆಲ್‌ಗೆ ಹಾಕಿದೆ. ನೀರು ಬಂದ ತಿಂಗಳು ತಾಳೆಯಾಯಿತು.